ಇವತ್ತು ಸಂಜೆ ಮನಸ್ಸಾಯ್ತು, ನಾಳೆ ಬೆಳಿಗ್ಗೆ ಊಟಿ: ಇ-ಪಾಸ್ ಬಂದ ಮೇಲೂ ಇದು ನಡೆಯುತ್ತಾ?

ಒಂಟಿಕೊಪ್ಪಲ್ ಹುಡುಗ · ಶುಕ್ರವಾರ, ಸಂಜೆ 5:40

ಎಲ್ಲರಿಗೂ ನಮಸ್ಕಾರ. ನಿನ್ನೆ ಜಂಬೂ ಸವಾರಿ, ಪಂಜಿನ ಕವಾಯತು ಎರಡೂ ಮುಗೀತು. ಊರು ತುಂಬಾ ಹೊರಗಿನ ಕಾರು, ಅರಮನೆ ಸುತ್ತ ಇನ್ನೂ ಕಾಲಿಡೋ ಹಾಗಿಲ್ಲ. ಊರಿನವರೆಲ್ಲ ಮೈಸೂರಿಗೆ ಬಂದಾಗ ಮೈಸೂರಿನವರು ಎಲ್ಲಿಗಾದ್ರೂ ಓಡೋದು ನಮ್ಮಲ್ಲಿ ಹಳೇ ಪದ್ಧತಿ ತಾನೆ? ಮಧ್ಯಾಹ್ನ ಟೀ ಅಂಗಡಿ ಮುಂದೆ ನಿಂತಿದ್ದಾಗ ಒಬ್ಬ "ಊಟಿಗೆ ಹೋಗೋಣ್ವಾ" ಅಂದ. ಅವನು ಮಾತು ಮುಗಿಸೋದ್ರೊಳಗೆ ಇನ್ನೊಬ್ಬ ಮನೆಗೆ ಫೋನ್ ಮಾಡಿ ಅಮ್ಮಂಗೆ ಸ್ವೆಟರ್ ಹುಡುಕಿಡೋಕೆ ಹೇಳಿದ್ದ.

ಐದು ಜನ. ಮೂವರು ಇಲ್ಲಿಯವರು, ಇಬ್ಬರು ಮಂಡ್ಯದಿಂದ ಬರಬೇಕು. ಕಾರು ಸ್ವಂತದ್ದು, ಪೆಟ್ರೋಲು. ರೂಮ್ ಇನ್ನೂ ನೋಡಿಲ್ಲ. ಮೊದಲೆಲ್ಲ ಮನಸ್ಸಾದ ದಿನ ಎದ್ದು ಹೋಗ್ತಿದ್ವಿ, ಈಗ ಊಟಿಗೆ ಗಾಡಿ ತಗೊಂಡು ಹೋಗೋಕೆ ಆನ್‌ಲೈನ್ ಪಾಸ್ ಬೇಕಂತೆ. ಹಿಂದಿನ ದಿನ ಕೇಳಿದ್ರೆ ಸಿಗುತ್ತಾ? ಮಸಿನಗುಡಿ ರಸ್ತೆ ಬಿಡ್ತಾರಾ? ಭಾನುವಾರ ರಾತ್ರಿ ಎಷ್ಟೊತ್ತಿಗೆ ಬಂಡೀಪುರ ದಾಟಿರಬೇಕು? ಹೋಗಿ ಬಂದವರು ಹೇಳಿ.

ಹಳೇ ಸ್ಟೇರಿಂಗು · ಶುಕ್ರವಾರ, ಸಂಜೆ 6:05

ನಡೆಯುತ್ತೆ. ಆದ್ರೆ ರಾತ್ರಿಯೇ ಹೊರಡೋ ಆಸೆ ಇದ್ರೆ ಬಿಟ್ಟುಬಿಡಿ. ಕಾಡಿನ ಗೇಟು ರಾತ್ರಿ 9ಕ್ಕೆ ಹಾಕ್ತಾರೆ, ಬೆಳಿಗ್ಗೆ 6ಕ್ಕೆ ತೆಗೀತಾರೆ. 2009ರಿಂದ ಹೀಗೇ. ಆಂಬುಲೆನ್ಸು ಮತ್ತೆ ಲೆಕ್ಕದ ಕೆಲವು ಸರ್ಕಾರಿ ಬಸ್ಸು ಬಿಟ್ರೆ ಯಾರಿಗೂ ದಾರಿ ಇಲ್ಲ. "ಅಜ್ಜಿಗೆ ಹುಷಾರಿಲ್ಲ ಸಾರ್" ಅನ್ನೋ ಕಥೆ ಗೇಟಿನವರು ದಿನಾ ಕೇಳಿರ್ತಾರೆ.

ಇ-ಪಾಸ್ 2024ರ ಮೇ 7ರಿಂದ ಬಂತು, ಮದ್ರಾಸ್ ಹೈಕೋರ್ಟ್ ಆದೇಶ. ದುಡ್ಡಿಲ್ಲ. ತಮಿಳುನಾಡು ಸರ್ಕಾರದ ತಾಣದಲ್ಲಿ ಮೊಬೈಲ್ ನಂಬರ್ ಕೊಟ್ರೆ ಓಟಿಪಿ ಬರುತ್ತೆ. ಗಾಡಿ ನಂಬರ್, ಎಷ್ಟು ಜನ, ಯಾವತ್ತು ಒಳಗೆ, ಯಾವತ್ತು ಹೊರಗೆ, ಎಲ್ಲಿ ಉಳ್ಕೊಳ್ತೀರಿ, ಇಷ್ಟೇ ಕೇಳೋದು. ಹಾಗಾಗಿ ರೂಮ್ ಮೊದಲು, ಪಾಸ್ ಆಮೇಲೆ. ಪಾಸನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಕಾಡೊಳಗೆ ನೆಟ್‌ವರ್ಕ್ ನಂಬ್ಕೊಂಡು ಕೂರಬೇಡಿ. ಬೇಸಿಗೆ ಸೀಸನ್ ಆದ್ರೆ ಬೇರೆ ಮಾತು. 2025ರಲ್ಲಿ ನೀಲಗಿರಿಗೆ ದಿನಕ್ಕೆ 6000 ಗಾಡಿ, ಶನಿವಾರ ಭಾನುವಾರ 8000 ಅಂತ ಮಿತಿ ಹಾಕಿದ್ರು. ಮೇ ತಿಂಗಳಲ್ಲಿ ಹಿಂಗೆ ದಿಢೀರ್ ಅಂತ ಹೊರಡೋಕೆ ಹೋಗ್ಬೇಡಿ.

ರಸ್ತೆ ವಿಷಯ. ತೆಪ್ಪಕಾಡಿನಲ್ಲಿ ಎಡಕ್ಕೆ ಮಸಿನಗುಡಿ, ಬಲಕ್ಕೆ ಗೂಡಲೂರು. ಮಸಿನಗುಡಿ ಕಡೆಯಿಂದ ಹೋದ್ರೆ ಮೂವತ್ತು ಕಿಲೋಮೀಟರ್ ಆಸುಪಾಸು ಕಡಿಮೆ ಆಗುತ್ತೆ, ಆದ್ರೆ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು ಹತ್ತಬೇಕು. ಹತ್ತೋಕೆ ಬಿಡ್ತಾರೆ. ಇಳಿಯೋಕೆ ನಮ್ಮ ಕೆಎ ಗಾಡಿಗೆ ಬಿಡಲ್ಲ, ನೀಲಗಿರಿ ನೋಂದಣಿಯ ಟಿಎನ್ 43ಕ್ಕೆ ಮಾತ್ರ. ಯಾಕೆ ಅಂತ ಕೇಳ್ತೀರಾ? ಬಯಲುಸೀಮೆಯಲ್ಲಿ ಗಾಡಿ ಓಡಿಸಿದವರು ಇಳಿಜಾರಿನ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಇಳೀತಾರೆ. ಹತ್ತು ಹದಿನೈದು ತಿರುವು ಆಗೋದ್ರೊಳಗೆ ಬ್ರೇಕು ಕಾದು ಹಿಡಿಯೋದನ್ನೇ ಬಿಡುತ್ತೆ. ಆ ರಸ್ತೆಯಲ್ಲಿ ಎಷ್ಟೋ ಗಾಡಿ ಹಾಗೇ ಹೋಗಿವೆ.

ನೀವು ಹತ್ತುವಾಗ ಎಸಿ ಆಫ್ ಮಾಡಿ. ತಿರುವಿನ ಬಾಯಲ್ಲೇ ಫಸ್ಟ್ ಗೇರ್‌ಗೆ ಬನ್ನಿ, ಅರ್ಧ ತಿರುಗಿದ ಮೇಲೆ ಗೇರ್ ಹುಡುಕೋಕೆ ಹೋದ್ರೆ ಗಾಡಿ ಹಿಂದಕ್ಕೆ ಜಾರುತ್ತೆ. ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡಬೇಕು ಅನ್ನೋದು ನಿಯಮ. ಎದುರಿನವನಿಗೆ ಅದು ಗೊತ್ತಿರುತ್ತೆ ಅಂತ ಮಾತ್ರ ಅಂದ್ಕೋಬೇಡಿ, ಹಾರನ್ ಹೊಡೀತಾ ಹೋಗಿ. ವಾಪಸ್ ಗೂಡಲೂರು ಮೇಲೆ ಬನ್ನಿ. ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀರಿ.

ಮಂಡ್ಯ ಬೆಲ್ಲ · ಶುಕ್ರವಾರ, ಸಂಜೆ 6:22

ಸ್ಟೇರಿಂಗಣ್ಣ ಏಳಿದ್ದೇ ಸರಿ ಕನಣ್ಣ. ನಮ್ ಮಾವನ ಮಗ ಒಬ್ಬವ್ನೆ, ಮಂಡ್ಯದಲ್ಲಿ ಸಂದಾಗಿ ಮುದ್ದೆ ಉಂಡ್ಕಂಡು ಏಳೂವರೆಗೆ ಹೊಂಟವ್ನೆ. ಮಂಡ್ಯದಿಂದ ಮೈಸೂರ್‌ಗೇ 45 ಕಿಲೋಮೀಟ್ರು, ಅಲ್ಲಿಂದ ಗುಂಡ್ಲುಪೇಟೆಗೆ ಇನ್ನ 60. ಗೇಟ್ ತಾವ ಓಗದ್ರೊಳ್ಗೆ ಬೀಗ ಬಿದ್ದಿತ್ತು. ಆರ್ ಜನ ಕಾರೊಳ್ಗೇ ಮಲ್ಗವ್ರೆ. ಬೆಳಿಗ್ಗೆ ಊಟಿಗ್ ಓದ್ರೆ ಒಬ್ಬನ್ ಕತ್ತೂ ತಿರುಗ್ತಿರ್ಲಿಲ್ಲ, ಪೋಟೋದಲ್ಲೆಲ್ಲ ಒಂದೇ ಕಡೀಕ್ ನೋಡ್ತಾ ನಿಂತವ್ರೆ.

ನಿಮ್ ಮಂಡ್ಯದ್ ಹೈಕ್ಳಿಗೆ ಇವತ್ ರಾತ್ರೀನೇ ಮೈಸೂರಿಗ್ ಬಂದ್ ಮಲ್ಕಳಕ್ ಏಳಿ. ಬೆಳಿಗ್ಗೆ ನಾಕೂವರೆಗೆ ಎದ್ರೆ ಸರಿಯಾಯ್ತದೆ.

ಗುಂಡ್ಲುಪೇಟೆ ಸರ್ಕಲ್ · ಶುಕ್ರವಾರ, ಸಂಜೆ 7:10

ನಿಮ್ಮ ದಿಢೀರ್ ಪ್ರವಾಸದ ಕಥೆ ಓದೋಕೆ ಚೆನ್ನಾಗಿದೆ. ಆ ರಸ್ತೆ ಮೇಲೇ ಬದುಕೋ ನಮ್ಮ ಮಾತನ್ನೂ ಸ್ವಲ್ಪ ಕೇಳಿಸ್ಕೊಳ್ಳಿ.

2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ಹೆದ್ದಾರಿ ಪೂರ್ತಿ ತೆರೆದ ಮೇಲೆ ಸಾಲು ರಜೆ ಬಂತು ಅಂದ್ರೆ ನಮ್ಮೂರಲ್ಲಿ ರಸ್ತೆ ದಾಟೋಕೆ ಕಾಯಬೇಕು. ನಂಜನಗೂಡಿಂದ ಹಿಡಿದು ಬಂಡೀಪುರದ ತನಕ ಒಂದೇ ಸಾಲು. ಬೆಳಿಗ್ಗೆ ಎಪಿಎಂಸಿಗೆ ಟೊಮೆಟೊ ತರೋ ರೈತನ ಆಟೋ ಈ ಸಾಲಲ್ಲಿ ಸಿಕ್ಕಿಕೊಂಡು ಹರಾಜು ಮುಗಿದ ಮೇಲೆ ತಲುಪುತ್ತೆ. ಜೂನ್ ಜುಲೈನಲ್ಲಿ ಸೂರ್ಯಕಾಂತಿ ಅರಳಿದಾಗಂತೂ ಹೊಲದೊಳಗೇ ಇಳೀತಾರೆ. ಒಂದು ಫೋಟೋಗೆ ಹತ್ತು ಗಿಡ ಮುರೀತಾರೆ. ಈಗ ಕೆಲವು ರೈತರು ಒಳಗೆ ಹೋಗೋಕೆ ದುಡ್ಡು ಇಸ್ಕೊಳ್ತಾರೆ. "ಹಳ್ಳಿಯವರು ದುಡ್ಡಿಗೆ ಬಿದ್ರು" ಅಂತ ಬರೆಯೋರೂ ಇದ್ದಾರೆ. ಬೀಜ ಗೊಬ್ಬರ ಕೂಲಿ ಕೊಟ್ಟಿದ್ದು ಯಾರು ಸ್ವಾಮಿ?

ಕಾಡೊಳಗೆ ಇನ್ನೂ ಕಷ್ಟ. ಗಾಡಿ ನಿಲ್ಲಿಸಬಾರದು ಅಂತ ಬೋರ್ಡು ಇರುತ್ತೆ, ಬೋರ್ಡಿನ ಕೆಳಗೇ ನಿಲ್ಲಿಸಿ ಕೋತಿಗೆ ಬಿಸ್ಕತ್ತು ಹಾಕ್ತಿರ್ತಾರೆ. 2025ರ ಆಗಸ್ಟ್‌ನಲ್ಲಿ ಒಬ್ಬರು ಬಂಡೀಪುರದ ರಸ್ತೆಯಲ್ಲಿ ಆನೆ ಮುಂದೆ ಫೋಟೋ ತೆಗೆಯೋಕೆ ಹೋಗಿ ತುಳಿಸಿಕೊಂಡು ಹೇಗೋ ಬದುಕಿದ್ರು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆ ವಿಡಿಯೋ ನೀವೆಲ್ಲ ನೋಡಿರ್ತೀರಿ. ಆನೆಗೆ ರಸ್ತೆ ಪಕ್ಕ ತಿನ್ನೋ ವಾಸನೆ ರೂಢಿಯಾದ್ರೆ ಆಮೇಲೆ ತರಕಾರಿ ಲಾರಿ ಅಡ್ಡ ಹಾಕುತ್ತೆ, ಆಮೇಲೆ ನಮ್ಮ ಹೊಲಕ್ಕೆ ಬರುತ್ತೆ. ನೀವು ಅಷ್ಟೊತ್ತಿಗೆ ಮನೆ ಸೇರಿ ಸ್ಟೇಟಸ್ ಹಾಕಿರ್ತೀರಿ.

ಹೋಗ್ಬೇಡಿ ಅಂತಿಲ್ಲ. ನಮ್ಮೂರಲ್ಲೇ ತಿಂಡಿ ತಿನ್ನಿ, ನಮ್ಮೂರಲ್ಲೇ ಕಕ್ಕಸಿಗೆ ಹೋಗಿ, ಆಮೇಲೆ ತೆಪ್ಪಕಾಡಿನವರೆಗೆ ಗಾಡಿಯಿಂದ ಇಳೀಬೇಡಿ. ಅಷ್ಟು ಮಾಡಿ ಸಾಕು.

ಒಂಟಿಕೊಪ್ಪಲ್ ಹುಡುಗ · ಶುಕ್ರವಾರ, ಸಂಜೆ 7:25

ಸರಿ ಅಣ್ಣ, ಒಪ್ಪಿದೆ. ಗುಂಡ್ಲುಪೇಟೆಯಲ್ಲಿ ತಿಂಡಿ ಗ್ಯಾರಂಟಿ.

ಜಯಲಕ್ಷ್ಮೀಪುರಂ · ಶುಕ್ರವಾರ, ರಾತ್ರಿ 8:02

ಊಟಿಯೇ ಆಗಬೇಕಾ ಮಕ್ಕಳಾ? ದಸರಾ ರಜೆಯಲ್ಲಿ ಸಸ್ಯೋದ್ಯಾನದ ಬಾಗಿಲಲ್ಲಿ ಜನ ಬಿಟ್ರೆ ಗಿಡ ಕಾಣಲ್ಲ. ತಂಪು ಗಾಳಿ, ಮಂಜು ಇಷ್ಟೇ ಬೇಕಿದ್ರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇದೆ, 1454 ಮೀಟರ್. ಪಾಸ್ ಬೇಡ, ರೂಮ್ ಬೇಡ, ಸಂಜೆಗೆ ಮನೆ. ಸ್ವಂತ ಗಾಡಿ ಮೇಲಕ್ಕೆ ಬಿಡಲ್ಲ, ಬೆಟ್ಟದ ಬುಡದಿಂದ ಕೆಎಸ್‌ಆರ್‌ಟಿಸಿ ಬಸ್ಸಲ್ಲೇ ಹೋಗಬೇಕು. ಸಂಜೆ ತಡ ಮಾಡಿ ಹೋದ್ರೆ ಪ್ರಯೋಜನ ಇಲ್ಲ, ಬೆಳಿಗ್ಗೆಯೇ ಹೋಗಿ. ಇಲ್ಲಾಂದ್ರೆ ಹುಣಸೂರು, ಕುಶಾಲನಗರದ ಮೇಲೆ ಮಡಿಕೇರಿ. ಅಲ್ಲಿಗೂ ಇಷ್ಟೇ ದೂರ, ರಾತ್ರಿ ಗೇಟಿನ ತಾಪತ್ರಯ ಇಲ್ಲ.

ಒಂಟಿಕೊಪ್ಪಲ್ ಹುಡುಗ · ಶುಕ್ರವಾರ, ರಾತ್ರಿ 8:15

ಆಂಟಿ, ನೀವು ಹೇಳೋದೇ ಬುದ್ಧಿವಂತಿಕೆ. ಆದ್ರೆ ನಮ್ಮಲ್ಲೊಬ್ಬ ಹುಟ್ಟಿದಾಗಿಂದ ಊಟಿ ನೋಡಿಲ್ಲ. ಮೈಸೂರಲ್ಲಿ ಹುಟ್ಟಿ ಊಟಿ ನೋಡದೇ ಇರೋನು ಸಿಗೋದೇ ಅಪರೂಪ, ಅವನಿಗೋಸ್ಕರ ಹೋಗಲೇಬೇಕು. ರೂಮ್ ಸಿಕ್ಕಿತು. ಊಟಿ ಪೇಟೆಯಲ್ಲಿ ಹೇಳಿದ ರೇಟ್ ಕೇಳಿ ಫೋನ್ ಇಟ್ಟುಬಿಟ್ವಿ. ಲವ್‌ಡೇಲ್ ಹತ್ರ ಒಂದು ಮನೆ, ಎರಡು ರೂಮು, ಐದು ಜನಕ್ಕೆ ಸಾಕು. ಪಾಸೂ ಬಂತು. ಕೂತಲ್ಲೇ ಆಯ್ತು, ಟೀ ಆರೋದ್ರೊಳಗೆ.

ಹಳದಿ ಬೋರ್ಡು · ಶುಕ್ರವಾರ, ರಾತ್ರಿ 9:30

ಸ್ವಂತ ಕಾರು ಅಂದ್ರಲ್ಲ, ಒಳ್ಳೇದು. ಬೇರೆಯವರಿಗೆ ಒಂದು ಮಾತು. ಪರಿಚಯದವರ ಬಿಳಿ ಬೋರ್ಡ್ ಕಾರನ್ನ ದಿನಕ್ಕಿಷ್ಟು ಅಂತ ಬಾಡಿಗೆಗೆ ತಗೊಂಡು ಹೋಗೋದು ಮೈಸೂರಲ್ಲಿ ಜಾಸ್ತಿ ಆಗಿದೆ. ಘಾಟಿಯಲ್ಲಿ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದೇ "ಬಾಡಿಗೆಗೆ ಓಡಿಸಿದ್ರಾ" ಅಂತ. ಹೂಂ ಅಂದ್ರೆ ಕೈ ಎತ್ತಿಬಿಡ್ತಾರೆ. ಸೆಲ್ಫ್ ಡ್ರೈವ್ ಬೇಕಾದ್ರೆ ಕಪ್ಪು ಪ್ಲೇಟಿಗೆ ಹಳದಿ ಅಕ್ಷರದ ಗಾಡಿ ತಗೊಳ್ಳಿ. ನಮ್ಮಂಥ ಟ್ಯಾಕ್ಸಿಯಾದ್ರೆ ತಮಿಳುನಾಡಿನ ಪರ್ಮಿಟ್ ತೆರಿಗೆ ಯಾರು ಕಟ್ಟೋದು ಅಂತ ಹೊರಡೋ ಮುಂಚೆ ಮಾತಾಡ್ಕೊಳ್ಳಿ, ಗಡಿಯಲ್ಲಿ ನಿಂತು ಜಗಳ ಬೇಡ.

ಇದ್ಯಾವುದೂ ಬೇಡ ಅನ್ನೋರು ಸಬರ್ಬನ್ ಬಸ್ ಸ್ಟ್ಯಾಂಡಿಂದ ಬಸ್ ಹತ್ತಿ. ಬಸ್ಸಲ್ಲಿ ಹೋಗೋರಿಗೆ ಇ-ಪಾಸೂ ಬೇಕಿಲ್ಲ. ಗೂಡಲೂರು ಮೇಲೆ ಹೋಗುತ್ತೆ, ಒಂದು ನಿದ್ದೆ ತೆಗೀಬಹುದು.

ಒಂಟಿಕೊಪ್ಪಲ್ ಹುಡುಗ · ಶನಿವಾರ, ಮಧ್ಯಾಹ್ನ 12:50

ತಲುಪಿದ್ವಿ. ಚಳಿ. ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ. ಉಳಿದಿದ್ದು ಊರಿಗೆ ಬಂದು.

ಮಂಡ್ಯ ಬೆಲ್ಲ · ಶನಿವಾರ, ಮಧ್ಯಾಹ್ನ 1:04

ಪೋಟೋ ಆಕಪ್ಪ.

ಒಂಟಿಕೊಪ್ಪಲ್ ಹುಡುಗ · ಭಾನುವಾರ, ರಾತ್ರಿ 11:35

ಮನೆ ಸೇರಿದ್ವಿ. ಕೇಳಿದವರಿಗೆಲ್ಲ ಒಂದೇ ಸಲ ಬರೀತೀನಿ.

ಬೆಳಿಗ್ಗೆ ಐದಕ್ಕೆ ಮೈಸೂರು ಬಿಟ್ವಿ. ಗುಂಡ್ಲುಪೇಟೆಯಲ್ಲಿ ಇಡ್ಲಿ ಕಾಫಿ. ಬಂಡೀಪುರದಲ್ಲಿ ರಸ್ತೆ ಪಕ್ಕದಲ್ಲೇ ಜಿಂಕೆ ಹಿಂಡು, ದೂರದಲ್ಲಿ ಒಂದು ಆನೆ ಬೆನ್ನು ಮಾತ್ರ ಕಂಡಿತು. ಹಿಂದೆ ಕೂತಿದ್ದ ಮಂಡ್ಯದವನು "ನಿಲ್ಸೋ ನಿಲ್ಸೋ" ಅಂದ. ಮುಂದಿನ ಸೀಟಿನವನು ಈ ಚರ್ಚೆಯನ್ನೇ ಜೋರಾಗಿ ಓದಿದ, 25,000 ರೂಪಾಯಿ ಅನ್ನೋ ಜಾಗ ಎರಡು ಸಲ. ನಿಲ್ಲಿಸಲಿಲ್ಲ.

ಕೆಕ್ಕನಹಳ್ಳ ಚೆಕ್‌ಪೋಸ್ಟ್‌ನಲ್ಲಿ ಪಾಸ್ ನೋಡಿದ್ರು, ಡಿಕ್ಕಿ ತೆಗೆಸಿದ್ರು. ಹುಡುಕ್ತಿದ್ದಿದ್ದು ಪ್ಲಾಸ್ಟಿಕ್ ನೀರಿನ ಬಾಟ್ಲಿ. ನೀಲಗಿರಿ ಜಿಲ್ಲೆಯಲ್ಲಿ ಅದು ನಡೆಯಲ್ಲ. ನಮ್ಮ ಹತ್ರ ಮನೆಯ ಸ್ಟೀಲ್ ಬಾಟ್ಲಿ ಮತ್ತೆ ಒಂದು ದೊಡ್ಡ ಡಬ್ಬಿ ಪುಳಿಯೋಗರೆ. ಮುಂದಿನ ಕಾರಿನವರು ಒಂದು ಕೇಸ್ ನೀರನ್ನೇ ಇಟ್ಕೊಂಡಿದ್ರು, ಪೂರ್ತಿ ಇಳಿಸಿದ್ರು. ನೀಲಗಿರಿಯಲ್ಲಿ ಕುಡಿಯೋ ನೀರಿನ ಯಂತ್ರ ಇಟ್ಟಿದ್ದಾರೆ, ಚಿಲ್ಲರೆ ಹಾಕಿ ತುಂಬಿಸ್ಕೋಬಹುದು.

ಕಲ್ಲಟ್ಟಿ ಘಾಟಿ ಬಗ್ಗೆ ಸ್ಟೇರಿಂಗ್ ಸಾರ್ ಹೇಳಿದ್ದು ಅಕ್ಷರಶಃ ನಿಜ. ಪ್ರತಿ ತಿರುವಿಗೂ ನಂಬರಿನ ಬೋರ್ಡು. ಮೊದಲ ಏಳೆಂಟು ತಿರುವು ಎಲ್ಲರೂ ಕೂಗಿ ಎಣಿಸ್ತಿದ್ರು. ಹದಿನೈದಾದ ಮೇಲೆ ಕಾರಿನಲ್ಲಿ ಮಾತೇ ಇಲ್ಲ. ಮಸಿನಗುಡಿ ಕಡೆ ಒಣಗಿದ ಮುಳ್ಳು ಕುರುಚಲು, ಕಿಟಕಿಯಲ್ಲಿ ಬಿಸಿ ಗಾಳಿ. ಅರ್ಧ ಘಾಟಿ ಹತ್ತಿದ ಮೇಲೆ ಗಾಳಿಗೆ ನೀಲಗಿರಿ ಎಲೆಯ ವಾಸನೆ ಬಂತು, ಕೈಮೇಲಿನ ಕೂದಲು ನಿಂತವು. ಸಾವಿರ ಮೀಟರ್ ಆಸುಪಾಸಿಂದ 2240 ಮೀಟರ್‌ನ ಊಟಿಗೆ ಅಷ್ಟು ಕಡಿಮೆ ದೂರದಲ್ಲಿ ಏರೋದು ಅಂದ್ರೆ ಕಿವಿ ಗುಂಯ್ ಅನ್ನುತ್ತೆ. ಒಂದು ತಿರುವಿನಲ್ಲಿ ಇಂಜಿನ್ ಕಾದ ಕಾರೊಂದು ಬಾನೆಟ್ ತೆಗೆದು ನಿಂತಿತ್ತು. ಅದನ್ನ ನೋಡಿದ ಮೇಲೆ ಎಸಿ ಹಾಕು ಅಂತ ಯಾರೂ ಕೇಳಲಿಲ್ಲ.

ಊಟಿ ಪೇಟೆ ಹೆಚ್ಚು ಬರೆಯೋಕೇನಿಲ್ಲ. ಸರೋವರದ ಹತ್ರ ಟ್ರಾಫಿಕ್, ಸಸ್ಯೋದ್ಯಾನದಲ್ಲಿ ಆಂಟಿ ಹೇಳಿದ ಹಾಗೇ ಜನಸಾಗರ. 1848ರ ತೋಟ, ಇನ್ನೊಂದು ದಿನ ನೋಡಿದ್ರಾಯ್ತು ಅಂತ ಹೊರಗಿಂದಲೇ ತಿರುಗಿಸಿದ್ವಿ. ಅದರ ಬದಲು ಫರ್ನ್‌ಹಿಲ್ ಕಡೆ ನಮ್ಮ ಕರ್ನಾಟಕ ತೋಟಗಾರಿಕೆ ಇಲಾಖೆಯ "ಕರ್ನಾಟಕ ಸಿರಿ" ಉದ್ಯಾನಕ್ಕೆ ಹೋದ್ವಿ. 38 ಎಕರೆ, ಇಳಿಜಾರಿನಲ್ಲಿ ಹೂವಿನ ಪಾತಿ, ಕೂರೋಕೆ ಜಾಗ, ಕನ್ನಡದ ಬೋರ್ಡು. ಮೈಸೂರಿನವರಿಗೇ ಇದು ಗೊತ್ತಿಲ್ಲದಿರೋದು ಆಶ್ಚರ್ಯ. ಪುಳಿಯೋಗರೆ ಮುಗಿದಿದ್ದು ಅದಾದ ಮೇಲೆ, ಕಾರಿನಲ್ಲಿ.

ನನಗೆ ಈ ಪ್ರವಾಸದಲ್ಲಿ ಉಳಿದಿದ್ದು ಸಂಜೆ. ಲವ್‌ಡೇಲ್ ಮನೆ ಹಿಂದೆ ಕ್ಯಾರೆಟ್ ಹೊಲ. ಪಕ್ಕದ ಮನೆಯ ಬಡಗ ಅಜ್ಜಿ (ಬಡಗರು ನೀಲಗಿರಿಯವರು, ಅವರ ಭಾಷೆ ಕನ್ನಡಕ್ಕೆ ಹತ್ರ) ಕ್ಯಾರೆಟ್ ತೊಳೆದು ಕಟ್ಟು ಕಟ್ತಾ ಕೂತಿದ್ರು, ತಲೆಗೆ ಬಿಳಿ ವಸ್ತ್ರ. ನಾವು ಕನ್ನಡದಲ್ಲಿ ಮಾತಾಡ್ತಿದ್ದನ್ನ ಕೇಳಿ ತಾವಾಗೇ ಮಾತಿಗೆ ಬಂದ್ರು. ಅವರು ಬಡಗದಲ್ಲಿ, ನಾವು ಕನ್ನಡದಲ್ಲಿ, ಎಲ್ಲೂ ನಿಲ್ಲಲಿಲ್ಲ. ಮಂಡ್ಯದವನ ಕನ್ನಡ ಅವರಿಗೆ ನಮ್ಮದಕ್ಕಿಂತ ಬೇಗ ಅರ್ಥ ಆಗ್ತಿತ್ತು ಅಂತ ಅವನು ದಾರಿಯುದ್ದಕ್ಕೂ ಮೆರೆದ. ಮಣ್ಣಂಟಿದ ನಾಲ್ಕು ಕ್ಯಾರೆಟ್ ಕೊಟ್ಟು ದುಡ್ಡು ಬೇಡ ಅಂದ್ರು.

ಭಾನುವಾರ ಬೆಳಿಗ್ಗೆ ದೊಡ್ಡಬೆಟ್ಟ, 2637 ಮೀಟರ್, ಮೇಲೆ ಹೋದ್ರೆ ಮಂಜು ಬಿಟ್ಟು ಏನೂ ಕಾಣಲಿಲ್ಲ. ಊಟಿ ನೋಡದ ನಮ್ಮ ಹುಡುಗ ಅದರಲ್ಲೇ ಖುಷಿ. ಮಧ್ಯಾಹ್ನ ಎರಡಕ್ಕೇ ಹೊರಟ್ವಿ. ಎಲ್ಲರೂ "ಇಷ್ಟು ಬೇಗ ಯಾಕೆ" ಅಂತ ಗೊಣಗಿದ್ರು. ಪೈಕಾರ ದಾಟಿ ನಡುವಟ್ಟಂ ಹತ್ರ ಮಳೆ ಹಿಡೀತು, ಗೂಡಲೂರು ಪೇಟೆಯಲ್ಲಿ ಒಂದು ಗಂಟೆ ನಿಂತಲ್ಲೇ ನಿಂತ್ವಿ. ಬಂಡೀಪುರ ದಾಟುವಾಗ ಎಂಟು ಹೊಡೆದಿತ್ತು. ನಾಲ್ಕಕ್ಕೆ ಹೊರಟವರ ಗತಿ ಏನಾಯ್ತೋ.

ನನ್ನ ಪ್ರಶ್ನೆಗೆ ನಾನೇ ಉತ್ತರ ಹೇಳೋದಾದ್ರೆ: ಇ-ಪಾಸ್ ಏನೂ ಅಡ್ಡಿ ಮಾಡಲಿಲ್ಲ. ನಮ್ಮ ಎರಡು ದಿನವನ್ನ ನಡೆಸಿದ್ದು ಬೆಳಿಗ್ಗೆ ಆರು ಮತ್ತು ರಾತ್ರಿ ಒಂಬತ್ತು. ಮಧ್ಯೆ ಏನು ಬೇಕಾದ್ರೂ ಮಾಡಿ, ಪ್ಲಾನೇ ಬೇಕಿಲ್ಲ.

ವಿಜಯನಗರ 2ನೇ ಹಂತ · ಭಾನುವಾರ, ರಾತ್ರಿ 11:58

ಅಡ್ಡಿ ಮಾಡಲಿಲ್ಲ ಅಂದ್ರೆ ಮತ್ತೆ ಪಾಸ್ ಯಾಕೆ ಸ್ವಾಮಿ? ಕೇಳಿದವರಿಗೆಲ್ಲ ಕೊಡೋದಾದ್ರೆ ಅದು ಬರೀ ಕಾಟಾಚಾರ.

ಹಳೇ ಸ್ಟೇರಿಂಗು · ಸೋಮವಾರ, ಬೆಳಿಗ್ಗೆ 6:15

ಕಾಟಾಚಾರ ಅನ್ನೋದು ಸ್ವಲ್ಪ ಆತುರ. ಮೊದಲು ಬೇಕಿದ್ದಿದ್ದು ಲೆಕ್ಕ. ದಿನಕ್ಕೆ ಎಷ್ಟು ಗಾಡಿ ಬರುತ್ತೆ, ಎಷ್ಟು ಜನ ಉಳೀತಾರೆ ಅಂತ ಗೊತ್ತಿಲ್ಲದೆ ಆ ಬೆಟ್ಟ ಎಷ್ಟು ತಡ್ಕೊಳ್ಳುತ್ತೆ ಅಂತ ಹೇಳೋದು ಹೇಗೆ? ಅದನ್ನ ಅಧ್ಯಯನ ಮಾಡೋಕೆ ಕೋರ್ಟು ಮದ್ರಾಸ್ ಐಐಟಿ ಮತ್ತೆ ಬೆಂಗಳೂರು ಐಐಎಂಗೆ ಹೇಳಿತ್ತು. ಮಿತಿ ಬಂದಿದ್ದು ಆಮೇಲೆ. ಲೆಕ್ಕ ಇಟ್ಟ ಮೇಲೆ ಮಾಡೋದೇನು ಅನ್ನೋ ನಿಮ್ಮ ಪ್ರಶ್ನೆ ಮಾತ್ರ ಸರಿ.

ಗುಂಡ್ಲುಪೇಟೆ ಸರ್ಕಲ್ · ಸೋಮವಾರ, ಬೆಳಿಗ್ಗೆ 7:40

ಆ ಲೆಕ್ಕ ಅವರ ಜಿಲ್ಲೆಗೆ. ನಮ್ಮ ಕಡೆ ರಸ್ತೆಗೆ ಯಾರೂ ಲೆಕ್ಕ ಇಟ್ಟಿಲ್ಲ. ಊಟಿಗೆ ಹೋಗೋ ಪ್ರತಿ ಕಾರೂ ನಮ್ಮೂರ ಮೇಲೇ ಎರಡು ಸಲ ಹಾಯುತ್ತೆ. ಇಡ್ಲಿ ತಿಂದ ಹುಡುಗರಿಗೆ ಥ್ಯಾಂಕ್ಸ್.

ಮಂಡ್ಯ ಬೆಲ್ಲ · ಸೋಮವಾರ, ಬೆಳಿಗ್ಗೆ 9:12

ಅಲ್ಲಿ ಎಣ್ಣೆ ಬಾಟ್ಲಿಗೂ ಅತ್ತ್ ರೂಪಾಯಿ ಜಾಸ್ತಿ ಇಸ್ಕತಾರಂತೆ, ದಿಟವಾ?

ಹಳದಿ ಬೋರ್ಡು · ಸೋಮವಾರ, ಬೆಳಿಗ್ಗೆ 9:30

ದಿಟ. ನೀಲಗಿರಿಯ ಟಾಸ್ಮಾಕ್, ಅಂದ್ರೆ ತಮಿಳುನಾಡು ಸರ್ಕಾರದ ಮದ್ಯದ ಅಂಗಡಿಗಳಲ್ಲಿ 2022ರಿಂದ ಬಾಟ್ಲಿಗೆ 10 ರೂಪಾಯಿ ಹೆಚ್ಚಿಗೆ ತಗೊಳ್ತಾರೆ, ಖಾಲಿ ಬಾಟ್ಲಿ ವಾಪಸ್ ಕೊಟ್ರೆ 10 ರೂಪಾಯಿ ವಾಪಸ್. ಕಾಡಲ್ಲಿ ಒಡೆದು ಬಿಸಾಕಿದ ಗಾಜು ಆನೆ ಕಾಲಿಗೆ ಚುಚ್ಚುತ್ತೆ ಅಂತ ಇದೂ ಹೈಕೋರ್ಟಿಂದಲೇ ಬಂದಿದ್ದು. ನನ್ನ ಕೇಳಿದ್ರೆ ಇ-ಪಾಸ್‌ಗಿಂತ ಒಳ್ಳೇ ಉಪಾಯ. ಬೋರ್ಡಿಗೆ ಹೆದರದವನೂ ಹತ್ತು ರೂಪಾಯಿಗೆ ಬಗ್ಗಿ ಬಾಟ್ಲಿ ಎತ್ಕೊಳ್ತಾನೆ. ಬಂಡೀಪುರದ ಕಡೆಗೂ ನೀರಿನ ಬಾಟ್ಲಿಗೆ ಹೀಗೇ ಮಾಡ್ಬೇಕು.

ಜಯಲಕ್ಷ್ಮೀಪುರಂ · ಸೋಮವಾರ, ಬೆಳಿಗ್ಗೆ 11:05

ಪುಟ್ಟಾ, ರೈಲು ಹತ್ತಲಿಲ್ವಾ? ದೀಪಾವಳಿಗೆ ನನ್ನ ತಂಗಿ ಮಕ್ಕಳು ಬರ್ತಾರೆ, ಅವರಿಗೆ ಊಟಿಯ ಹಲ್ಲು ಹಳಿಯ ರೈಲು, ಅದೇ ಹಲ್ಲಿರೋ ಹಳಿ ಹಿಡ್ಕೊಂಡು ಬೆಟ್ಟ ಹತ್ತೋದು, ನೋಡಬೇಕಂತೆ.

ಒಂಟಿಕೊಪ್ಪಲ್ ಹುಡುಗ · ಸೋಮವಾರ, ಮಧ್ಯಾಹ್ನ 1:20

ಇಲ್ಲ ಆಂಟಿ, ಊಟಿ ಸ್ಟೇಷನ್‌ನಲ್ಲಿ ವಿಚಾರಿಸಿಕೊಂಡು ಬಂದೆ. ಊಟಿಯಿಂದ ಕೂನೂರಿಗೆ ದಿನಕ್ಕೆ ಕೆಲವು ರೈಲು ಇವೆ, ಆದ್ರೆ ಆ ಭಾಗದಲ್ಲಿ ಎಳೆಯೋದು ಡೀಸೆಲ್ ಇಂಜಿನ್, ಹಲ್ಲು ಹಳಿಯೂ ಇಲ್ಲ. ಹಲ್ಲು ಹಳಿ ಇರೋದು ಕೂನೂರಿಂದ ಕೆಳಗೆ ಕಲ್ಲಾರ್ ತನಕ. ಮಕ್ಕಳಿಗೆ ಅದೇ ನೋಡಬೇಕು ಅಂದ್ರೆ ಮೇಟ್ಟುಪಾಳ್ಯಂನಿಂದ ಊಟಿಗೆ ಬರೋ ಪೂರ್ತಿ 46 ಕಿಲೋಮೀಟರಿನ ರೈಲಿಗೇ ಟಿಕೆಟ್ ಮಾಡಿಸಿ. ಅದು ಮಾತ್ರ ದಿಢೀರ್ ಅಂತ ಸಿಗಲ್ಲ, ರಿಸರ್ವೇಷನ್ ತೆರೆದ ದಿನವೇ ಕೂರಬೇಕು. ನಾನು ಮಾಡ್ಕೊಡ್ತೀನಿ, ಎಷ್ಟು ಜನ ಅಂತ ಮೆಸೇಜ್ ಮಾಡಿ.